ಪರದೇಶದ ಯುದ್ಧದಿಂದ ಸೈನ್ಯ ವಾಪಸ್ ಬರುವುದು ಹೇಗೆ?

ಯುದ್ಧದಲ್ಲಿ ಗೆಲ್ಲುವುದಿಲ್ಲ ಎಂದು ಗೊತ್ತಾಗಿದೆ. ಖರ್ಚು ಕೈಮೀರಿದೆ. ಹಾಗಿದ್ದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬಂದರಾಯಿತಲ್ಲ, ಅದಕ್ಕೆ ವರ್ಷಗಟ್ಟಲೆ ಚರ್ಚೆ ಯಾಕೆ? ಸುದ್ದಿ ನೋಡುವಾಗ ನಿಮಗೂ ಹೀಗೆ ಅನಿಸಿರಬಹುದು. ಕೇಳಬೇಕಾದ ಪ್ರಶ್ನೆಯೇ. ಸೋವಿಯತ್ ನಾಯಕರು ಅಫ್ಘಾನಿಸ್ತಾನ ಬಿಡಲೇಬೇಕು ಎಂದು ಬಾಗಿಲು ಹಾಕಿಕೊಂಡು ಒಪ್ಪಿಕೊಂಡದ್ದು 1986ರಲ್ಲಿ. ಕೊನೆಯ ತುಕಡಿ ಗಡಿ ದಾಟಿದ್ದು 1989ರಲ್ಲಿ. ಇರಾಕ್ ಬಿಡಬೇಕು ಎಂಬ ಕೂಗು ಅಮೆರಿಕದ ಸಂಸತ್ತಿನಲ್ಲಿ ಜೋರಾದದ್ದು 2005ರಲ್ಲಿ, ಬಿಟ್ಟದ್ದು 2011ರಲ್ಲಿ. ನಮ್ಮ ಸೈನ್ಯಕ್ಕೆ ಶ್ರೀಲಂಕಾದ ಅಧ್ಯಕ್ಷರೇ 'ಇನ್ನು ಹೊರಡಿ' ಎಂದ ಮೇಲೂ ಕೊನೆಯ ಹಡಗು ಹೊರಡಲು ಹತ್ತಿರ ಹತ್ತಿರ ಹತ್ತು ತಿಂಗಳು ಹಿಡಿಯಿತು.

ತಡವಾಗಲು ರಾಜಕಾರಣಿಗಳ ಹಟ ಒಂದು ಕಾರಣ. ಅದೊಂದೇ ಅಲ್ಲ. ವಾಪಸಾತಿ ಎಂದು ನಾವು ಕರೆಯುವುದರೊಳಗೆ ಮೂರು ಬೇರೆ ಬೇರೆ ತೀರ್ಮಾನಗಳಿವೆ. ಬಿಡಬೇಕೇ ಎಂಬುದು ಮೊದಲನೆಯದು. ಯಾವ ದಿನ, ಯಾವ ದಾರಿಯಲ್ಲಿ ಎಂಬುದು ಎರಡನೆಯದು. ಸೈನ್ಯ ಬಂದ ಮೇಲೆ ಅಲ್ಲಿಗೆ ಹಣ, ಇಂಧನ, ಬಿಡಿಭಾಗ ಕಳಿಸುತ್ತಿರಬೇಕೇ ಎಂಬುದು ಮೂರನೆಯದು. ಟಿವಿ ಚರ್ಚೆಗಳು ಮೊದಲನೆಯದರಲ್ಲೇ ಮುಗಿಯುತ್ತವೆ. ಪತ್ರಿಕೆಗಳು ಎರಡನೆಯದಕ್ಕೆ ಬರುತ್ತವೆ. ಮೂರನೆಯದರ ಕಡೆ ನೋಡುವವರು ಕಡಿಮೆ. ಬಿಟ್ಟುಬಂದ ದೇಶದ ಹಣೆಬರಹ ನಿರ್ಧಾರವಾಗುವುದು ಹೆಚ್ಚಾಗಿ ಆ ಮೂರನೆಯದರಲ್ಲಿ.

ಬಿಡಬೇಕೇ ಎಂಬ ಜಗಳ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಈ ಸಂಕಟ ಗೊತ್ತು. ಆರುನೂರು ಅಡಿ ಹೋಗಿದೆ, ನೀರಿಲ್ಲ. ನಿಲ್ಲಿಸಿದರೆ ಇಷ್ಟು ಹೊತ್ತು ಸುರಿದ ದುಡ್ಡು ದಂಡ. ಇನ್ನೂ ನೂರಡಿ ಹೋಗೋಣ ಅನಿಸುತ್ತದೆ. ಅರ್ಥಶಾಸ್ತ್ರದವರು ಹೀಗೆ ಕಳೆದ ದುಡ್ಡನ್ನು ಸಂಕ್ ಕಾಸ್ಟ್, ಅಂದರೆ ಏನು ಮಾಡಿದರೂ ಮರಳಿ ಬಾರದ ಖರ್ಚು, ಎನ್ನುತ್ತಾರೆ. ಯುದ್ಧದಲ್ಲಿ ಆ ಲೆಕ್ಕದಲ್ಲಿ ಸತ್ತವರ ಹೆಸರುಗಳಿರುತ್ತವೆ. ಹಾಗಾಗಿ 'ಇಷ್ಟು ಹುಡುಗರು ಸತ್ತದ್ದು ಸುಮ್ಮನೆಯೇ?' ಎಂಬ ಪ್ರಶ್ನೆಗೆ ಯಾವ ಮಂತ್ರಿಯೂ ಸುಲಭವಾಗಿ ಉತ್ತರ ಕೊಡಲಾರ.

ಸೋವಿಯತ್ ಒಕ್ಕೂಟದಲ್ಲಿ ಮಿಖಾಯಿಲ್ ಗೊರ್ಬಚೆವ್ 1985ರ ಮಾರ್ಚಿನಲ್ಲಿ ಅಧಿಕಾರಕ್ಕೆ ಬಂದಾಗ ಅಫ್ಘನ್ ಯುದ್ಧ ಆರನೇ ವರ್ಷದಲ್ಲಿತ್ತು. ಸುಮಾರು ಒಂದು ಲಕ್ಷ ಸೋವಿಯತ್ ಸೈನಿಕರು ಅಫ್ಘಾನಿಸ್ತಾನದಲ್ಲಿದ್ದರು. ಶವಗಳು ಸತುವಿನ ಪೆಟ್ಟಿಗೆಯಲ್ಲಿ, ಬೆಸುಗೆ ಹಾಕಿ ಊರಿಗೆ ಬರುತ್ತಿದ್ದವು. ಆ ವರ್ಷದ ಅಕ್ಟೋಬರಿನಲ್ಲಿ ಪಾಲಿಟ್‌ಬ್ಯೂರೋ, ಅಂದರೆ ಪಕ್ಷದ ಅತ್ಯುನ್ನತ ಸಮಿತಿ, ಸಭೆ ಸೇರಿದಾಗ ಗೊರ್ಬಚೆವ್ ತಾಯಂದಿರು ಬರೆದ ಪತ್ರಗಳನ್ನು ಓದಿ ಹೇಳಿದರು. ಮುಂದೆ ಅವರ ಸಹಾಯಕರಾದ ಚೆರ್ನ್ಯಾಯೆವ್ ಅದನ್ನು ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಲೆಕ್ಕಪತ್ರ, ನಕ್ಷೆ ಎಲ್ಲ ಇದ್ದ ಕೋಣೆಯಲ್ಲಿ ಪತ್ರ ಓದಿದ್ದು ರಾಜಕೀಯ ಜಾಣತನವೂ ಹೌದು. ಬಿಡೋಣ ಎಂದು ಹೇಳಲು ಹಿಂಜರಿಯುತ್ತಿದ್ದವರಿಗೆ ಅದೊಂದು ಆಸರೆಯಾಯಿತು.

1986ರ ನವೆಂಬರ್ 13ರ ಸಭೆಯನ್ನು ನಾನು ಈ ವಿಷಯದ ಪಾಠಪುಸ್ತಕ ಎಂದೇ ಹೇಳುತ್ತೇನೆ. ಹೀಗೇ ಮುಂದುವರಿದರೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ಹೊಡೆದಾಡಬೇಕಾಗುತ್ತದೆ ಎಂದರು ಗೊರ್ಬಚೆವ್. ಮಾತನ್ನು ನೇರವಾಗಿ ಆಡಿದ್ದು ಮಾರ್ಷಲ್ ಅಖ್ರೊಮೆಯೆವ್. ಆ ದೇಶದಲ್ಲಿ ನಮ್ಮ ಸೈನಿಕ ಕಾಲಿಡದ ನೆಲವಿಲ್ಲ, ಆದರೂ ಬಹುಪಾಲು ನೆಲ ಬಂಡುಕೋರರ ಕೈಯಲ್ಲಿದೆ ಎಂಬ ಅರ್ಥದ ಮಾತು ಅವರದು. ಹಳ್ಳಿಯನ್ನು ಗೆಲ್ಲಬಹುದು, ಬೆಳಿಗ್ಗೆ ಬಿಟ್ಟು ಹೊರಟರೆ ಸಂಜೆಗೆ ಅದು ಮತ್ತೆ ಅವರದೇ. ಎರಡು ವರ್ಷದಲ್ಲಿ ಮುಗಿಸೋಣ ಎಂದು ಅಂದು ಒಪ್ಪಿಗೆಯಾಯಿತು. 1987ರಲ್ಲಿ ಅರ್ಧ, 1988ರಲ್ಲಿ ಉಳಿದರ್ಧ. ಆ ಗಡುವೂ ಜಾರಿತು.

ಒಪ್ಪಿದ ಮೇಲೂ ಯಾಕೆ ಜಾರಿತು? ಇಲ್ಲಿ ಬರುವ ತರ್ಕಗಳು ಎಲ್ಲ ದೇಶದಲ್ಲೂ ಒಂದೇ. ನಮ್ಮನ್ನು ನಂಬಿದ ಸರ್ಕಾರ ಮರುದಿನವೇ ಬೀಳುತ್ತದೆ. ಉಳಿದ ಮಿತ್ರದೇಶಗಳು ನಮ್ಮ ಮಾತಿಗೆ ಬೆಲೆ ಕೊಡುವುದಿಲ್ಲ. ಎದುರಾಳಿ ಇದನ್ನು ತನ್ನ ಗೆಲುವು ಎಂದು ಸಾರುತ್ತಾನೆ. ಈ ಮೂರೂ ಸುಳ್ಳಲ್ಲ. ಆದರೆ ಇವೇ ಮಾತುಗಳು ಹೋದ ವರ್ಷವೂ ನಿಜವಾಗಿದ್ದವು, ಬರುವ ವರ್ಷವೂ ನಿಜವಾಗಿರುತ್ತವೆ. ಉಳಿಯಬೇಕು ಎನ್ನುವವರನ್ನು ಕೇಳಬೇಕಾದದ್ದು ಒಂದು: ಇನ್ನೊಂದು ವರ್ಷ ಇದ್ದರೆ ಇದರಲ್ಲಿ ಯಾವುದು ಬದಲಾಗುತ್ತದೆ?

ದಿನಾಂಕವೋ, ಷರತ್ತೋ?

ಅಮೆರಿಕದ ಇರಾಕ್ ಚರ್ಚೆಯಲ್ಲಿ ಎರಡು ಬಣಗಳಿದ್ದವು. ಒಂದು ಟೈಮ್‌ಟೇಬಲ್ ಕೇಳುತ್ತಿತ್ತು, ಅಂದರೆ ಇಂಥ ದಿನದೊಳಗೆ ಹೊರಡಬೇಕು ಎಂಬ ಗಡುವು. ಇನ್ನೊಂದು ಕಂಡಿಷನ್ಸ್ ಎನ್ನುತ್ತಿತ್ತು, ಅಂದರೆ ಅಲ್ಲಿನ ಪೊಲೀಸರು, ಸೈನ್ಯ ಸಿದ್ಧವಾದ ಮೇಲೆ ಎಂಬ ಷರತ್ತು. ದಿನಾಂಕ ಹೇಳಿದರೆ ಶತ್ರು ಕ್ಯಾಲೆಂಡರ್ ನೋಡುತ್ತ ಕಾಯುತ್ತಾನೆ. ಹೇಳದಿದ್ದರೆ ಮಿತ್ರ ಎಂದೂ ಸಿದ್ಧನಾಗುವುದಿಲ್ಲ, ಅವನಿಗೆ ಅವಸರವೇ ಇರುವುದಿಲ್ಲ. ಎರಡೂ ಕಡೆ ಸತ್ಯವಿದ್ದುದರಿಂದಲೇ ಜಗಳ ಬಗೆಹರಿಯಲಿಲ್ಲ.

2005ರ ನವೆಂಬರ್ 17ರಂದು ಜಾನ್ ಮರ್ಥಾ ಎಂಬ ಸಂಸದ ಸೈನ್ಯ ಹೊರಡಬೇಕು ಎಂದು ಬಹಿರಂಗವಾಗಿ ಕೇಳಿದರು. ಇವರು ವಿಯೆಟ್ನಾಂನಲ್ಲಿ ಹೋರಾಡಿ ಪದಕ ಪಡೆದವರು, ಸೈನ್ಯದ ಬಜೆಟ್ ಪರ ನಿಲ್ಲುತ್ತ ಬಂದವರು. ಹಾಗಾಗಿ ಸದ್ದಾಯಿತು. ಮರುದಿನವೇ ಆಡಳಿತ ಪಕ್ಷದವರು ತಾವಾಗಿಯೇ ಒಂದು ನಿರ್ಣಯ ಬರೆದು ಮತಕ್ಕೆ ಹಾಕಿದರು: ಸೈನ್ಯ ಕೂಡಲೇ ವಾಪಸಾಗಬೇಕು ಎಂದು. ವಿರೋಧಿಗಳನ್ನು ಸಿಕ್ಕಿಸುವ ಉಪಾಯ ಅದು. 403 ಮತ ವಿರುದ್ಧ, 3 ಪರ. ಮರ್ಥಾ ಕೇಳಿದ್ದು ಆ ನಿರ್ಣಯದಲ್ಲಿರಲಿಲ್ಲ, ಅವರೂ ಅದರ ವಿರುದ್ಧವೇ ಮತ ಹಾಕಿದರು. ಸಂಸತ್ತಿನ ಮತದ ಅಂಕಿ ನೋಡುವಾಗ ನಿರ್ಣಯದ ಒಕ್ಕಣೆಯನ್ನೂ ಓದಬೇಕು ಎಂದು ನಾನು ಹೇಳುವುದು ಇದಕ್ಕೇ.

ಮುಂದಿನ ವರ್ಷದ ಡಿಸೆಂಬರಿನಲ್ಲಿ ಎರಡೂ ಪಕ್ಷದ ಹಿರಿಯರಿದ್ದ ಬೇಕರ್-ಹ್ಯಾಮಿಲ್ಟನ್ ಸಮಿತಿ 79 ಶಿಫಾರಸುಗಳ ವರದಿ ಕೊಟ್ಟಿತು. ಯುದ್ಧ ಮಾಡುವ ಪಡೆಗಳನ್ನು ಕಡಿಮೆ ಮಾಡಿ, ತರಬೇತಿ ಕೊಡುವವರನ್ನು ಹೆಚ್ಚಿಸಿ, ಇರಾನ್ ಮತ್ತು ಸಿರಿಯಾ ಜೊತೆ ಮಾತಾಡಿ ಎಂಬುದು ಅದರ ಸಾರ. ಅಧ್ಯಕ್ಷ ಬುಷ್ ಬೇರೆ ದಾರಿ ಹಿಡಿದರು. 2007ರ ಜನವರಿಯಲ್ಲಿ ಇನ್ನೂ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸುವುದಾಗಿ ಸಾರಿದರು. ಇದನ್ನೇ ಸರ್ಜ್ ಎಂದರು. 2007 ಅಮೆರಿಕದ ಸೈನಿಕರ ಪಾಲಿಗೆ ಇರಾಕಿನ ಅತಿ ಕೆಟ್ಟ ವರ್ಷವಾಯಿತು, ಆ ಬಳಿಕ ಸಾವು ಇಳಿಯಿತು. ಸರ್ಜ್‌ನಿಂದಲೇ ಇಳಿಯಿತೇ, ಸುನ್ನಿ ಬುಡಕಟ್ಟುಗಳು ಅಲ್‌ಖೈದಾ ವಿರುದ್ಧ ತಿರುಗಿದ್ದರಿಂದಲೇ ಎಂಬ ವಾದ ಇನ್ನೂ ಮುಗಿದಿಲ್ಲ.

ತೀರ್ಮಾನ ಯಾರ ಕೈಯಲ್ಲಿದೆ?

ಅಮೆರಿಕದಲ್ಲಿ ಸೈನ್ಯದ ಮಹಾದಂಡನಾಯಕ ಅಧ್ಯಕ್ಷ. ಖಜಾನೆಯ ಕೀಲಿ ಕಾಂಗ್ರೆಸ್ ಎಂಬ ಅಲ್ಲಿನ ಸಂಸತ್ತಿನ ಕೈಯಲ್ಲಿ. 1973ರ ವಾರ್ ಪವರ್ಸ್ ನಿರ್ಣಯದ ಪ್ರಕಾರ ಸೈನ್ಯ ಕಳಿಸಿದ 48 ಗಂಟೆಯೊಳಗೆ ಅಧ್ಯಕ್ಷ ಸಂಸತ್ತಿಗೆ ತಿಳಿಸಬೇಕು. ಒಪ್ಪಿಗೆ ಸಿಗದಿದ್ದರೆ 60 ದಿನದಲ್ಲಿ, ಹಿಂತೆಗೆಯಲು ಬೇಕಾದರೆ ಇನ್ನೂ 30 ದಿನದಲ್ಲಿ, ಮುಗಿಸಬೇಕು. ಓದಲು ಬಿಗಿಯಾಗಿದೆ, ಆದರೆ ಅಧ್ಯಕ್ಷರು ಇದಕ್ಕೆ ಹೆದರಿದ್ದು ಕಡಿಮೆ. ಹೆದರುವುದು ದುಡ್ಡಿನ ಕಾಯ್ದೆಗೆ. ಅದೇ 1973ರಲ್ಲಿ ಆಗಸ್ಟ್ 15ರ ನಂತರ ಇಂಡೋಚೀನಾದಲ್ಲಿ ಯುದ್ಧಕ್ಕೆ ಒಂದು ಡಾಲರೂ ಇಲ್ಲ ಎಂದು ಕಾಂಗ್ರೆಸ್ ಕಾನೂನು ಮಾಡಿತು. ಅಂದೇ ಕಾಂಬೋಡಿಯಾದ ಮೇಲಿನ ಬಾಂಬ್ ದಾಳಿ ನಿಂತಿತು.

ಹಾಗಾದರೆ ಇರಾಕಿನಲ್ಲೂ ಅದನ್ನೇ ಮಾಡಬಹುದಿತ್ತಲ್ಲ ಎನ್ನುತ್ತೀರಾ? ಮಾಡಲು ನೋಡಿದರು. 2007ರಲ್ಲಿ 12,400 ಕೋಟಿ ಡಾಲರಿನ ಯುದ್ಧಖರ್ಚಿನ ಮಸೂದೆಗೆ ವಾಪಸಾತಿಯ ಗಡುವನ್ನು ಪೋಣಿಸಿ ಕಳಿಸಿದರು. ಮೇ 1ರಂದು ಬುಷ್ ವೀಟೋ ಮಾಡಿದರು, ಅಂದರೆ ಸಹಿ ನಿರಾಕರಿಸಿ ಹಿಂತಿರುಗಿಸಿದರು. ವೀಟೋ ಮೀರಲು ಮೂರನೇ ಎರಡರಷ್ಟು ಮತ ಬೇಕು. ಬಂದದ್ದು 222ಕ್ಕೆ 203. ದುಡ್ಡನ್ನೇ ಪೂರ್ತಿ ನಿಲ್ಲಿಸಬಹುದಿತ್ತು, ಆದರೆ ರಣರಂಗದಲ್ಲಿರುವ ಹುಡುಗನ ಗುಂಡಿಗೆ ದುಡ್ಡು ಕೊಡಲಿಲ್ಲ ಎಂಬ ಮಾತು ಹೊರಲು ಯಾರೂ ತಯಾರಿರಲಿಲ್ಲ. ಅದೇ ತಿಂಗಳು ಗಡುವಿಲ್ಲದ ಮಸೂದೆ ಪಾಸಾಯಿತು.

ಸೋವಿಯತ್ ಒಕ್ಕೂಟದಲ್ಲಿ ಇಂಥ ರಗಳೆ ಇರಲಿಲ್ಲ. 1979ರ ಡಿಸೆಂಬರಿನಲ್ಲಿ ಒಳಹೊಕ್ಕ ತೀರ್ಮಾನ ಬೆರಳೆಣಿಕೆಯ ಮುದುಕರದು. ಅದರ ದಾಖಲೆ ಕೈಬರಹದ ಒಂದು ಚೀಟಿ, ದೇಶದ ಹೆಸರೂ ಅದರಲ್ಲಿಲ್ಲ, ಬರೀ 'ಎ' ಎಂದಿದೆ. ಬಹಿರಂಗ ಚರ್ಚೆ ನಡೆದದ್ದು ಎಲ್ಲ ಮುಗಿದ ಮೇಲೆ. ಯುದ್ಧವನ್ನು ವಿರೋಧಿಸಿ ಗಡೀಪಾರಾಗಿದ್ದ ವಿಜ್ಞಾನಿ ಆಂದ್ರೇ ಸಖರೋವ್ 1989ರ ಜೂನ್‌ನಲ್ಲಿ ಜನಪ್ರತಿನಿಧಿಗಳ ಸಭೆಯಲ್ಲಿದ್ದಾಗ ಕಾಲು ಕಳೆದುಕೊಂಡ ಮಾಜಿ ಯೋಧನೊಬ್ಬ ಅವರನ್ನು ಖಂಡಿಸಿದ. ಸಭೆ ಯೋಧನಿಗೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಆರು ತಿಂಗಳ ಬಳಿಕ, ಡಿಸೆಂಬರಿನಲ್ಲಿ, ಅದೇ ಸಭೆ 1979ರ ತೀರ್ಮಾನವನ್ನು ಖಂಡಿಸಿ ನಿರ್ಣಯ ಮಾಡಿತು. ಅಷ್ಟರಲ್ಲಿ ಸಖರೋವ್ ತೀರಿಕೊಂಡು ಹತ್ತು ದಿನವಾಗಿತ್ತು.

ನಮ್ಮಲ್ಲಿ? ಸೈನ್ಯವನ್ನು ಹೊರದೇಶಕ್ಕೆ ಕಳಿಸಲೂ ಕರೆಸಿಕೊಳ್ಳಲೂ ಸಂಸತ್ತಿನ ಮತ ಬೇಕೆಂದು ಸಂವಿಧಾನ ಹೇಳುವುದಿಲ್ಲ. ಕೇಂದ್ರ ಸರ್ಕಾರ ತೀರ್ಮಾನಿಸುತ್ತದೆ. ಸಂಸತ್ತು ಪ್ರಶ್ನೆ ಕೇಳಬಹುದು, ಚರ್ಚಿಸಬಹುದು, ಬಜೆಟ್ ಬಂದಾಗ ತಕರಾರು ತೆಗೆಯಬಹುದು.

ಮನೆಯೊಡೆಯನ ಮಾತು

ಯಾರ ನೆಲದಲ್ಲಿ ಸೈನ್ಯವಿದೆಯೋ ಅವರದೂ ಒಂದು ಮಾತಿದೆ. ಇದನ್ನು ಬರೆದಿಡುವ ಕಾಗದಕ್ಕೆ ಸ್ಟೇಟಸ್ ಆಫ್ ಫೋರ್ಸಸ್ ಅಗ್ರಿಮೆಂಟ್ ಎನ್ನುತ್ತಾರೆ. ಚಿಕ್ಕದಾಗಿ ಸೋಫಾ. ಪರದೇಶದ ಸೈನಿಕ ಇಲ್ಲಿ ಎಷ್ಟು ದಿನ ಇರಬಹುದು, ತಪ್ಪು ಮಾಡಿದರೆ ಯಾವ ದೇಶದ ಕೋರ್ಟು ವಿಚಾರಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. 2008ರ ನವೆಂಬರಿನಲ್ಲಿ ಇರಾಕ್ ಇಂಥ ಒಪ್ಪಂದ ಮಾಡಿಕೊಂಡಿತು. 2009ರ ಜೂನ್ 30ಕ್ಕೆ ಊರುಗಳಿಂದ, 2011ರ ಡಿಸೆಂಬರ್ 31ಕ್ಕೆ ದೇಶದಿಂದ ಹೊರಗೆ. ಗಡುವು ಬೇಡ ಎಂದು ವೀಟೋ ಮಾಡಿದ ಬುಷ್ ಸರ್ಕಾರವೇ ದಿನಾಂಕಕ್ಕೆ ಸಹಿ ಹಾಕಬೇಕಾಯಿತು. 2011ರಲ್ಲಿ ಒಬಾಮಾ ಸರ್ಕಾರ ಕೆಲವು ಸಾವಿರ ಜನರನ್ನು ಉಳಿಸಲು ಮಾತುಕತೆ ನಡೆಸಿತು. ನಮ್ಮ ಸೈನಿಕರನ್ನು ನಿಮ್ಮ ಕೋರ್ಟು ಮುಟ್ಟಬಾರದು ಎಂಬ ಷರತ್ತನ್ನು ಇರಾಕಿನ ರಾಜಕಾರಣಿಗಳು ಒಪ್ಪಲಿಲ್ಲ. ಮಾತುಕತೆ ಅಲ್ಲಿಗೆ ಮುರಿಯಿತು.

ಶ್ರೀಲಂಕಾದ ಪ್ರಕರಣ ಇನ್ನೂ ವಿಚಿತ್ರ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಬೇಕಾದರೆ ಭಾರತದ ಶಾಂತಿಪಾಲನಾ ಪಡೆಯನ್ನು ಶ್ರೀಲಂಕಾದ ಅಧ್ಯಕ್ಷರು ಆಹ್ವಾನಿಸಬಹುದು ಎಂಬ ಸಾಲು ಅದರ ಅನುಬಂಧದಲ್ಲಿದೆ. ಹೊರಡುವ ದಿನ ಯಾವುದು ಎಂಬ ಸಾಲು ಎಲ್ಲೂ ಇಲ್ಲ. ಐಪಿಕೆಎಫ್ ಎಂದು ನಾವು ಕರೆಯುವ ಆ ಪಡೆ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಮತ್ತು ಅಲ್ಲಿನ ಸರ್ಕಾರದ ನಡುವೆ ಶಾಂತಿ ಕಾಯಲು ಹೋಯಿತು. ಅಕ್ಟೋಬರಿನ ಹೊತ್ತಿಗೆ ಜಾಫ್ನಾದ ಬೀದಿಗಳಲ್ಲಿ ಎಲ್‌ಟಿಟಿಇ ಜೊತೆಗೇ ಗುಂಡಿನ ಕಾಳಗಕ್ಕಿಳಿದಿತ್ತು. ಬೆಳಗಾವಿ ಮೂಲದ ಮರಾಠಾ ಲಘು ಪದಾತಿ ದಳದವರೂ ಆ ಕಾಳಗದಲ್ಲಿದ್ದರು. ಒಟ್ಟು ಸುಮಾರು 1,200 ಸೈನಿಕರು ಸತ್ತರು.

1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ ಜೂನ್ 1ರಂದು ಬಹಿರಂಗವಾಗಿ ಹೇಳಿದರು, ಜುಲೈ 29ರೊಳಗೆ ಹೊರಡಬೇಕು ಎಂದು. ಆಹ್ವಾನಿಸಿದವನೇ ಹೋಗು ಎನ್ನಬಹುದು ಎಂಬುದು ಅವರ ವಾದ. ತಮಿಳರ ಸುರಕ್ಷತೆ, ಅಧಿಕಾರ ಹಂಚಿಕೆಯ ಭರವಸೆ ಈಡೇರದೆ ಹೊರಡುವುದು ಹೇಗೆ ಎಂಬುದು ದಿಲ್ಲಿಯ ವಾದ. ಪ್ರೇಮದಾಸ ಇನ್ನೊಂದು ಕೈಯಲ್ಲಿ ಎಲ್‌ಟಿಟಿಇಗೆ ಗುಟ್ಟಾಗಿ ಆಯುಧ ಕೊಡಿಸುತ್ತಿದ್ದರು, ನಮ್ಮ ಪಡೆಯನ್ನು ಓಡಿಸಲು. ಕೊನೆಗೆ ಜುಲೈ 29ರಂದು ಕೆಲವು ನೂರು ಸೈನಿಕರು ಸಾಂಕೇತಿಕವಾಗಿ ಹೊರಟರು. ಸೆಪ್ಟೆಂಬರ್ 18ರಂದು ಡಿಸೆಂಬರ್ ಅಂತ್ಯದ ಗುರಿ ಇಟ್ಟುಕೊಂಡು ಒಪ್ಪಂದವಾಯಿತು. ನಡುವೆ ಚುನಾವಣೆ ಬಂತು, ವಿ.ಪಿ. ಸಿಂಗ್ ಪ್ರಧಾನಿಯಾದರು. ಟ್ರಿಂಕೋಮಲಿಯಿಂದ ಕೊನೆಯ ಪಡೆ ಹೊರಟದ್ದು 1990ರ ಮಾರ್ಚ್ 24ರಂದು. ಮದ್ರಾಸಿನಲ್ಲಿ ಅವರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.

ಒಂದೇ ರಸ್ತೆ, ಒಂದು ಲಕ್ಷ ಜನ

ಈಗ ದಾರಿಯ ಮಾತು. ಲಾಜಿಸ್ಟಿಕ್ಸ್ ಎಂದರೆ ಜನ, ವಾಹನ, ಸಾಮಾನುಗಳ ಸಾಗಾಟದ ಲೆಕ್ಕಾಚಾರ. ಒಳಗೆ ಹೋಗುವಾಗ ಸೈನ್ಯದ ಮುಖ ಶತ್ರುವಿನ ಕಡೆಗಿರುತ್ತದೆ. ಬರುವಾಗ ಬೆನ್ನು ಅವನ ಕಡೆಗೆ. ದಿನೇ ದಿನೇ ಪಡೆ ಚಿಕ್ಕದಾಗುತ್ತದೆ, ಕಾಯಬೇಕಾದ ರಸ್ತೆ ಮಾತ್ರ ಅಷ್ಟೇ ಉದ್ದ ಇರುತ್ತದೆ. ಕೊನೆಯ ವಾರದಲ್ಲಿ ಉಳಿದವರ ಅಪಾಯ ಎಲ್ಲರಿಗಿಂತ ಹೆಚ್ಚು.

ಅಫ್ಘಾನಿಸ್ತಾನದಿಂದ ಸೋವಿಯತ್ ವಾಪಸಾತಿಗೆ 1988ರ ಏಪ್ರಿಲ್ 14ರಂದು ಜಿನೀವಾದಲ್ಲಿ ಒಪ್ಪಂದವಾಯಿತು. ಮೇ 15ಕ್ಕೆ ಶುರು, ಆಗಸ್ಟ್ 15ಕ್ಕೆ ಅರ್ಧ, 1989ರ ಫೆಬ್ರವರಿ 15ಕ್ಕೆ ಪೂರ್ತಿ. ಮೊದಲು ದೂರದ ಊರುಗಳನ್ನು ಬಿಟ್ಟರು, ಜಲಾಲಾಬಾದ್, ಗಜ್ನಿ, ಕಂದಹಾರ್. ಜಲಾಲಾಬಾದಿನಲ್ಲಿ ಶಿಬಿರವನ್ನು ಹಾಸಿಗೆ, ಏರ್ ಕಂಡಿಷನರ್, ಟಿವಿ ಸಮೇತ ಪಟ್ಟಿ ಮಾಡಿ ಅಫ್ಘನ್ ಸೈನ್ಯಕ್ಕೆ ಒಪ್ಪಿಸಿದರು. ಹೊರಟ ಬೆನ್ನಿಗೇ ಅದೆಲ್ಲ ಲೂಟಿಯಾಗಿ ಪೇಟೆಯ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು ಎಂದು ಸೇನಾಧಿಪತಿ ಬೊರಿಸ್ ಗ್ರೊಮೊವ್ ನೆನಪಿಸಿಕೊಂಡಿದ್ದಾರೆ. ಮುಂದಿನ ಶಿಬಿರಗಳನ್ನು ಒಪ್ಪಿಸುವಾಗ ಅವರಿಗೆ ಭ್ರಮೆ ಉಳಿದಿರಲಿಲ್ಲ.

ಕಾಬೂಲಿನವರಿಗೆ ಇದ್ದದ್ದು ಸಾಲಂಗ್ ಕಣಿವೆಯ ರಸ್ತೆ. ಹಿಂದೂಕುಷ್ ಪರ್ವತದಲ್ಲಿ ಸುಮಾರು 3,400 ಮೀಟರ್ ಎತ್ತರದಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ. ಸೋವಿಯತ್ ಎಂಜಿನಿಯರುಗಳೇ 1964ರಲ್ಲಿ ಮುಗಿಸಿದ್ದು. 1982ರಲ್ಲಿ ಅದರೊಳಗೆ ವಾಹನಗಳ ಸಾಲು ಸಿಕ್ಕಿಕೊಂಡು ಹೊಗೆಗೆ ಉಸಿರುಗಟ್ಟಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಚಳಿಗಾಲದ ಹಿಮದಲ್ಲಿ ಇದೇ ದಾರಿಯಲ್ಲಿ ಟ್ಯಾಂಕು, ಲಾರಿ ಎಲ್ಲ ಬರಬೇಕು. ಪಕ್ಕದ ಬೆಟ್ಟಗಳಲ್ಲಿ ಮುಜಾಹಿದೀನ್ ಎಂಬ ಬಂಡುಕೋರರ ನಾಯಕ ಅಹ್ಮದ್ ಷಾ ಮಸೂದ್‌ನ ಜನ. ಸೋವಿಯತ್ ಅಧಿಕಾರಿಗಳು ಅವನ ಜೊತೆ ಒಳಗೊಳಗೇ ಮಾತಾಡಿಕೊಂಡಿದ್ದರು: ನೀನು ಹೊಡೆಯಬೇಡ, ನಾವೂ ಹೊಡೆಯುವುದಿಲ್ಲ, ಹೇಗೂ ಹೊರಟಿದ್ದೇವೆ. ಹೊರಡುವ ಸೈನ್ಯ ಶತ್ರುವಿನ ಜೊತೆ ಮಾತಾಡುವುದು ದ್ರೋಹವಲ್ಲವೇ ಎಂದು ಅನುಮಾನ ಬರಬಹುದು. ವಾಪಸಾತಿಯ ಅರ್ಧ ಕೆಲಸ ಅದೇ.

ಮಸೂದ್ ಜೊತೆಗಿನ ಈ ಒಳಒಪ್ಪಂದವನ್ನು ಕೆಡಿಸಿದ್ದು ರಾಜಧಾನಿಗಳ ಒತ್ತಡ. ಅಫ್ಘನ್ ಅಧ್ಯಕ್ಷ ನಜೀಬುಲ್ಲಾ ಗೋಗರೆಯುತ್ತಿದ್ದರು. ವಿದೇಶಾಂಗ ಸಚಿವ ಶೆವರ್ಡ್‌ನಾಡ್ಜೆಗೆ ಅವರನ್ನು ಕೈಬಿಡಲು ಮನಸ್ಸಿರಲಿಲ್ಲ. ರಸ್ತೆ ಕಾಯಲು ಸುಮಾರು 12 ಸಾವಿರ ಜನರ ಒಂದು ಡಿವಿಷನ್ ಉಳಿಸೋಣ ಎಂಬ ಪ್ರಸ್ತಾಪ 1989ರ ಜನವರಿಯಲ್ಲಿ, ಗಡುವಿಗೆ ಮೂರು ವಾರ ಇರುವಾಗ, ಮೇಜಿಗೆ ಬಂತು. ಅದು ಬಿದ್ದುಹೋಯಿತು. ಆದರೆ ಅದೇ ತಿಂಗಳು ಸಾಲಂಗ್ ಸುತ್ತಲಿನ ಹಳ್ಳಿಗಳ ಮೇಲೆ ಮೂರು ದಿನ ಬಾಂಬು, ಫಿರಂಗಿ ಸುರಿಯಿತು. ಅಧಿಕಾರಿಗಳಿಗೇ ಅದು ಬೇಡವಾಗಿತ್ತು. ಸತ್ತವರಲ್ಲಿ ಹೆಂಗಸರು ಮಕ್ಕಳಿದ್ದರು. ಫೆಬ್ರವರಿ 15ರಂದು ಗ್ರೊಮೊವ್ ಅಮು ದರ್ಯಾ ನದಿಯ ಸೇತುವೆ ದಾಟಿ ತೆರ್ಮೆಜ್‌ಗೆ ಬಂದರು. ಆಚೆ ದಡದಲ್ಲಿ ಮಗ ಹೂ ಹಿಡಿದು ನಿಂತಿದ್ದ.

ಇರಾಕಿನಲ್ಲಿ ಗುಟ್ಟಿನ ರೀತಿ ಬೇರೆ. ಉತ್ತುಂಗದಲ್ಲಿ ಅಮೆರಿಕಕ್ಕೆ ಅಲ್ಲಿ 500ಕ್ಕೂ ಹೆಚ್ಚು ನೆಲೆಗಳಿದ್ದವು. ಒಂದೊಂದೇ ಒಪ್ಪಿಸುತ್ತ ಬಂದು ಕೊನೆಗೆ ನಾಸಿರಿಯಾ ಹತ್ತಿರದ ಒಂದು ನೆಲೆ ಉಳಿಯಿತು. ಹೊರಡುವ ದಿನವೂ ಸುತ್ತಲಿನ ಬುಡಕಟ್ಟು ಮುಖಂಡರಿಗೆ ಎಂದಿನಂತೆ ಫೋನ್ ಮಾಡಿಸಿದರು, ಅನುಮಾನ ಬರದಿರಲಿ ಎಂದು. ರಾತ್ರಿ ಸುಮಾರು 500 ಜನ, ನೂರಕ್ಕೂ ಹೆಚ್ಚು ವಾಹನಗಳಲ್ಲಿ ಹೊರಟು 2011ರ ಡಿಸೆಂಬರ್ 18ರ ಬೆಳಗಿನ ಜಾವ ಕುವೈತ್ ಸೇರಿದರು.

ಬಿಲ್ ಎಷ್ಟು?

ಅಫ್ಘಾನಿಸ್ತಾನದಲ್ಲಿ ತಾನು ನಡೆಸಿದ ಇಪ್ಪತ್ತು ವರ್ಷದ ಯುದ್ಧಕ್ಕೆ ಅಮೆರಿಕ 2.3 ಲಕ್ಷ ಕೋಟಿ ಡಾಲರ್ ಖರ್ಚು ಮಾಡಿತು ಎಂದು ಬ್ರೌನ್ ವಿಶ್ವವಿದ್ಯಾಲಯದ ಕಾಸ್ಟ್ಸ್ ಆಫ್ ವಾರ್ ಯೋಜನೆ ಲೆಕ್ಕ ಹಾಕಿದೆ. ಇರಾಕಿಗೆ ಅಲ್ಲಿನ ಸಂಸತ್ತು ಮಂಜೂರು ಮಾಡಿದ್ದು 80 ಸಾವಿರ ಕೋಟಿ ಡಾಲರಿಗೂ ಹೆಚ್ಚು.

ಸೈನ್ಯ ಬಂದೊಡನೆ ಖರ್ಚು ನಿಲ್ಲುತ್ತದೆ ಎಂದುಕೊಂಡರೆ ತಪ್ಪು. ಯುದ್ಧಕ್ಕೆ ಸಾಲ ಮಾಡಿದ್ದರೆ ಬಡ್ಡಿ ಓಡುತ್ತಲೇ ಇರುತ್ತದೆ. ಗಾಯಾಳುಗಳಿಗೆ ಪಿಂಚಣಿ, ಚಿಕಿತ್ಸೆ ಬದುಕಿರುವವರೆಗೆ ಕೊಡಬೇಕು. 2001ರ ನಂತರದ ಯುದ್ಧಗಳ ಅಮೆರಿಕನ್ ಯೋಧರ ಆರೈಕೆಗೇ 2050ರವರೆಗೆ 2.2 ಲಕ್ಷ ಕೋಟಿ ಡಾಲರಿಗಿಂತ ಹೆಚ್ಚು ಬೇಕು ಎಂದು ಅರ್ಥಶಾಸ್ತ್ರಜ್ಞೆ ಲಿಂಡಾ ಬಿಲ್ಮ್ಸ್ ಅಂದಾಜಿಸಿದ್ದಾರೆ. 'ಹೊರಬಂದರೆ ಇಷ್ಟು ಉಳಿಯುತ್ತದೆ' ಎಂದು ಯಾರಾದರೂ ಅಂಕಿ ಹೇಳಿದರೆ, ಈ ಎರಡು ಬಾಬತ್ತು ಅದರಲ್ಲಿ ಸೇರಿದೆಯೇ ಎಂದು ಕೇಳಿ.

ಬಿಟ್ಟು ಬಂದ ಮೇಲೆ

ಸೋವಿಯತ್ ಸೈನ್ಯ ಹೊರಟಾಗ ನಜೀಬುಲ್ಲಾ ಸರ್ಕಾರ ಕೆಲವೇ ತಿಂಗಳಲ್ಲಿ ಬೀಳುತ್ತದೆ ಎಂದು ಅಮೆರಿಕದ ಬೇಹುಗಾರರು ಹೇಳಿದ್ದರು. ಬೀಳಲಿಲ್ಲ. ಮಾರ್ಚಿನಲ್ಲಿ ಜಲಾಲಾಬಾದ್ ಮೇಲೆ ಮುಜಾಹಿದೀನ್ ದಾಳಿ ಮಾಡಿ ಸೋತರು. ಮೂರು ವರ್ಷ ಆ ಸರ್ಕಾರ ನಿಂತಿತು. ಮಾಸ್ಕೋದಿಂದ ಗೋಧಿ, ಇಂಧನ, ಆಯುಧ, ಹಣ ವಿಮಾನದಲ್ಲೂ ಲಾರಿಯಲ್ಲೂ ಬರುತ್ತಲೇ ಇತ್ತು. ಅದರಿಂದಲೇ ನಜೀಬುಲ್ಲಾ ಸೈನಿಕರಿಗೆ ಸಂಬಳ ಕೊಟ್ಟರು, ದೋಸ್ತಮ್‌ನಂಥ ಸೇನಾನಿಗಳನ್ನು ಹಿಡಿದಿಟ್ಟರು. ಆಮೇಲೆ ಸೋವಿಯತ್ ಒಕ್ಕೂಟವೇ ಮುಳುಗಿತು. 1992ರ ಜನವರಿ 1ರಿಂದ ಸರಬರಾಜು ಬಂದ್. ದೋಸ್ತಮ್ ಪಕ್ಷಾಂತರ ಮಾಡಿದ. ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು.

ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನಿನ ಕಥೆಯೂ ಇದೇ ಜಾಡಿನದು. 1973ರ ಮಾರ್ಚಿನಲ್ಲಿ ಅಮೆರಿಕದ ಕೊನೆಯ ಯುದ್ಧಪಡೆ ಹೊರಟಿತು. 1974ರಲ್ಲಿ ಕಾಂಗ್ರೆಸ್ ದಕ್ಷಿಣ ವಿಯೆಟ್ನಾಮಿಗೆ ಕೊಡುವ ಸೈನಿಕ ನೆರವನ್ನು ಕಡಿದು 70 ಕೋಟಿ ಡಾಲರಿಗೆ ಇಳಿಸಿತು. ಗುಂಡಿಗೂ ಪೆಟ್ರೋಲಿಗೂ ರೇಷನ್ ಬಂತು. 1975ರ ಏಪ್ರಿಲ್ 30ಕ್ಕೆ ಸೈಗಾನ್ ಹೋಯಿತು. ನೆರವು ಮುಂದುವರಿದಿದ್ದರೆ ಉಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಆ ಸೈನ್ಯಕ್ಕೆ ಬೇರೆ ರೋಗಗಳೂ ಇದ್ದವು.

2021ರ ಕಾಬೂಲಿನಲ್ಲಿ ಕೈಕೊಟ್ಟದ್ದು ಕಾಂಟ್ರಾಕ್ಟರುಗಳು. ಅಂದರೆ ಗುತ್ತಿಗೆ ಕಂಪನಿಗಳ ಮೆಕ್ಯಾನಿಕ್‌ಗಳು, ಎಂಜಿನಿಯರುಗಳು. ಅಫ್ಘನ್ ವಾಯುಪಡೆಯ ಹೆಲಿಕಾಪ್ಟರ್, ವಿಮಾನಗಳ ರಿಪೇರಿ ಅವರ ಕೈಯಲ್ಲಿತ್ತು. ಅಮೆರಿಕ ತಾಲಿಬಾನ್ ಜೊತೆ ಮಾಡಿಕೊಂಡ 2020ರ ಫೆಬ್ರವರಿ 29ರ ದೋಹಾ ಒಪ್ಪಂದದಲ್ಲಿ ಸೈನಿಕರ ಜೊತೆ ಅವರೂ ಹೊರಡಬೇಕು ಎಂದು ಬರೆದಾಗಿತ್ತು. ಹೊರಟರು. ವಿಮಾನಗಳು ಒಂದೊಂದಾಗಿ ನೆಲ ಹಿಡಿದವು, ದೂರದ ಠಾಣೆಗಳಿಗೆ ಊಟ, ಗುಂಡು ತಲುಪಲಿಲ್ಲ. ಜುಲೈ 2ರಂದು ಅಮೆರಿಕ ಬಗ್ರಾಮ್ ವಾಯುನೆಲೆ ಖಾಲಿ ಮಾಡಿತು. ಅಮೆರಿಕನ್ನರು ರಾತ್ರಿ ಹೊರಟದ್ದು ತನಗೆ ತಿಳಿದದ್ದೇ ಎರಡು ಗಂಟೆ ತಡವಾಗಿ ಎಂದು ಅಲ್ಲಿನ ಹೊಸ ಅಫ್ಘನ್ ಕಮಾಂಡರ್ ಪತ್ರಕರ್ತರಿಗೆ ಹೇಳಿದರು. ಅವರಿಗೆ ಸಿಕ್ಕಿದ್ದು ನೀರಿನ ಬಾಟಲಿಗಳ ರಾಶಿ ಮತ್ತು ಸಾವಿರಾರು ವಾಹನ, ಹಲವಕ್ಕೆ ಕೀಲಿಯೇ ಇರಲಿಲ್ಲ. ಆರು ವಾರಕ್ಕೆ ಕಾಬೂಲ್ ತಾಲಿಬಾನ್ ವಶವಾಯಿತು. ಸೈನ್ಯವೂ ಕಾಂಟ್ರಾಕ್ಟರುಗಳೂ ಒಟ್ಟಿಗೆ ಹೊರಟದ್ದೇ ಕುಸಿತದ ಮುಖ್ಯ ಕಾರಣ ಎಂದು ಅಮೆರಿಕದ್ದೇ ಲೆಕ್ಕತಪಾಸಣಾ ಸಂಸ್ಥೆ ಸಿಗಾರ್ ಬರೆದಿದೆ.

ಇನ್ನು ಜನ. ದುಭಾಷಿ, ಡ್ರೈವರ್, ಅಡುಗೆಯವರು, ಮಾಹಿತಿ ಕೊಟ್ಟವರು, ಪರದೇಶದ ಸೈನ್ಯವನ್ನು ನಂಬಿ ಗದ್ದುಗೆ ಏರಿದ ಸ್ಥಳೀಯರು. ಚರ್ಚೆ ನಡೆಯುವಾಗ ಇವರಿಗೆ ಮತವಿಲ್ಲ. ಶ್ರೀಲಂಕಾದ ಈಶಾನ್ಯ ಪ್ರಾಂತ್ಯದಲ್ಲಿ ನಮ್ಮ ಬೆಂಬಲದಿಂದ ಮುಖ್ಯಮಂತ್ರಿಯಾಗಿದ್ದ ವರದರಾಜ ಪೆರುಮಾಳ್ ಐಪಿಕೆಎಫ್ ಹೊರಡುವಾಗಲೇ ಭಾರತಕ್ಕೆ ಬರಬೇಕಾಯಿತು. ಅವರ ಪಕ್ಷದ ನಾಯಕ ಪದ್ಮನಾಭ ಅವರನ್ನು ಎಲ್‌ಟಿಟಿಇ 1990ರ ಜೂನ್‌ನಲ್ಲಿ ಮದ್ರಾಸಿನಲ್ಲೇ ಕೊಂದಿತು. ಮರುವರ್ಷ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಎಲ್‌ಟಿಟಿಇ ಹಂತಕರ ತಂಡದ ಶಿವರಾಸನ್ ಮತ್ತು ಜೊತೆಗಾರರು ಪೊಲೀಸರು ಸುತ್ತುವರಿದಾಗ ಸತ್ತದ್ದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ, ಆಗಸ್ಟ್ 20ರಂದು. ಸೈನ್ಯ ವಾಪಸ್ ಬಂದು ಆಗ ಒಂದೂವರೆ ವರ್ಷವೂ ಆಗಿರಲಿಲ್ಲ.

ಮೂಲ ಕಾಗದ ಎಲ್ಲಿ ಸಿಗುತ್ತದೆ?

ಇದನ್ನೆಲ್ಲ ನೀವೇ ಓದಿ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಪಾಲಿಟ್‌ಬ್ಯೂರೋ ಸಭೆಗಳ ಟಿಪ್ಪಣಿ ಮತ್ತು ಚೆರ್ನ್ಯಾಯೆವ್ ಡೈರಿಯ ಭಾಗಗಳು ವಾಷಿಂಗ್ಟನ್ನಿನ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ಇಂಗ್ಲಿಷ್ ಅನುವಾದದಲ್ಲಿವೆ. 1986ರ ನವೆಂಬರ್ 13ರದನ್ನು ಮೊದಲು ಓದಿ, ಕೆಲವೇ ಪುಟ. ಸಿಗಾರ್ ವರದಿಗಳು ದಪ್ಪ ಪಿಡಿಎಫ್‌ಗಳು. ಆರಂಭದ ಸಾರಾಂಶ ಓದಿದರೆ ಸಾಕು. ಅಮೆರಿಕದ ಮಸೂದೆಗಳ ಪಠ್ಯ ಮತ್ತು ಯಾರು ಹೇಗೆ ಮತ ಹಾಕಿದರು ಎಂಬುದು ಅಲ್ಲಿನ ಸಂಸತ್ತಿನ ತಾಣದಲ್ಲೇ ಇದೆ.

ನಮ್ಮದಕ್ಕೆ ಸಂಸತ್ತಿನ ಡಿಜಿಟಲ್ ಲೈಬ್ರರಿ ಇದೆ. ಲೋಕಸಭೆಯ ಹಳೆಯ ಚರ್ಚೆಗಳ ಸಂಪುಟಗಳನ್ನು ಅಲ್ಲಿಂದ ಇಳಿಸಿಕೊಳ್ಳಬಹುದು. 1987ರಿಂದ 1990ರವರೆಗಿನ ಅಧಿವೇಶನಗಳನ್ನು ಆರಿಸಿಕೊಂಡು ಐಪಿಕೆಎಫ್ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಸ್ಕ್ಯಾನ್ ಮಾಡಿದ ಪುಟಗಳಾದ್ದರಿಂದ ಕೆಲವು ಕಡೆ ಹುಡುಕಾಟ ಕೈಕೊಡುತ್ತದೆ, ಆಗ ದಿನಾಂಕ ಹಿಡಿದೇ ಹೋಗಬೇಕು. ಭಾರತ-ಶ್ರೀಲಂಕಾ ಒಪ್ಪಂದದ ಪಠ್ಯ ವಿದೇಶಾಂಗ ಸಚಿವಾಲಯದ ತಾಣದಲ್ಲಿ, ಒಪ್ಪಂದಗಳ ವಿಭಾಗದಲ್ಲಿ ಸಿಗುತ್ತದೆ. ಪಡೆಯನ್ನು ಆಹ್ವಾನಿಸುವ ಸಾಲನ್ನು ಮುಖ್ಯ ಪಠ್ಯದಲ್ಲಿ ಹುಡುಕಬೇಡಿ, ಕೊನೆಯಲ್ಲಿರುವ ಅನುಬಂಧವನ್ನು ತೆರೆಯಿರಿ.